ಬಾಲ ಕೊಯ್ದ ಹಡಗು

ಅಲೆಕೊಳದ ದಂಡೆಯ ಮೇಲೆ ಆ ಬೆಳಿಗ್ಗೆ ನಾವು ನಾಲ್ಕು ಜನ ನಿಂತಿದ್ದೆವು. ಐದನೆಯವರು ಲ್ಯಾಪ್‌ಟಾಪಿನ ಪರದೆಯೊಳಗಿದ್ದರು. ನಾಲ್ವರಲ್ಲಿ ನಾನೊಬ್ಬಳು, ಪರೀಕ್ಷೆಯ ಹೊಣೆ ಹೊತ್ತವಳು. ಎಡಕ್ಕೆ ಮೈಸೂರಿನವನು, ಸಮುದ್ರದಲ್ಲಿ ತೆಗೆದ ಅಳತೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಆಕಾರ ಕೊಡುವುದು ಅವನ ಕೆಲಸ. ಬಲಕ್ಕೆ, ಕೈಯಲ್ಲಿ ಕಾಫಿ ಹಿಡಿದು, ನಮ್ಮ ಡಚ್ ಮೇಸ್ತ್ರಿ. ಆ ಆಕಾರವನ್ನು ಮರ, ಕಲ್ಲು, ಸಿಮೆಂಟಿನಲ್ಲಿ ಕಟ್ಟಿ ಕೊಳದೊಳಗೆ ಕೂರಿಸುವವನು. ಒಂದಿಷ್ಟು ದೂರದಲ್ಲಿ, ಬೂಟು ಒದ್ದೆಯಾಗದ ಹಾಗೆ ನಿಂತವರು, ಜಪಾನಿನ ಒಂದು ಬಂದರು ಇಲಾಖೆ ನೇಮಿಸಿಕೊಂಡಿದ್ದ ಸಲಹೆಗಾರರು. ಪರದೆಯೊಳಗಿದ್ದದ್ದು ಆ ಬಂದರಿನ ಮೀನುಗಾರರ ಸಹಕಾರ ಸಂಘದ ಅಧ್ಯಕ್ಷೆ. ನಮಗೆ ಬೆಳಿಗ್ಗೆ, ಅವರಿಗೆ ಸಂಜೆ. ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

ಅಲೆಕೊಳ ಅಂದರೆ ಡಚ್ಚರ ನಾಡಿನ ನಮ್ಮ ಪ್ರಯೋಗಾಲಯದಲ್ಲಿ, ದೊಡ್ಡ ಶೆಡ್ಡಿನೊಳಗೆ ಕಟ್ಟಿದ ನೀರಿನ ತೊಟ್ಟಿ. ಎರಡು ವಾಲಿಬಾಲ್ ಅಂಕಣ ಹಿಡಿಸುವಷ್ಟು ಅಗಲ, ಮೊಣಕಾಲ ಮೇಲಷ್ಟು ನೀರು. ಒಂದು ಬದಿಗೆ ಅಲೆ ಎಬ್ಬಿಸುವ ಹಲಗೆಗಳ ಸಾಲು, ಎದುರು ಬದಿಗೆ ಬಂದರಿನ ಪುಟ್ಟ ಮಾದರಿ. ಸಮುದ್ರವನ್ನು ಮೂವತ್ತಾರರಲ್ಲಿ ಒಂದು ಪಾಲಿಗೆ ಇಳಿಸಿದರೆ ಕಾಲ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಲ್ಲಿ ಒಂದು ಗಂಟೆ ಹೊಡೆಯುವ ಬಿರುಗಾಳಿ ಇಲ್ಲಿ ಹತ್ತು ನಿಮಿಷದ ಮಾತು. ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಹೊಸಪೇಟೆಯಲ್ಲಿರುವ ನಮ್ಮಮ್ಮ ಈಗಲೂ ಹೇಳುವುದು ಒಂದೇ: "ದೊಡ್ಡೋರಿಗೆ ನೀರಾಟ ಆಡಿಸಿ ಸಂಬಳ ಕೊಡ್ತಾರಂತ."

ನೀರಾಟವೇ ಸರಿ. ಆದರೆ ಆ ಸಲದ ನೀರಾಟದಲ್ಲಿ ಒಂದು ಊರಿನ ದೋಣಿಗಳೆಲ್ಲ ಪಣಕ್ಕೆ ಬಿದ್ದಿದ್ದವು.

ಆ ಬಂದರಿನ ಅಲೆತಡೆ ಗೋಡೆಯ ನಡುವಿನ ಭಾಗ ಗೋಡೆಯಲ್ಲ, ಹಡಗು. ಮೊದಲ ಮಹಾಯುದ್ಧ ಮುಗಿದ ಮೇಲೆ ಜಪಾನಿನ ನೌಕಾಪಡೆ ಕಟ್ಟಿದ ಒಂದು ಡಿಸ್ಟ್ರಾಯರ್ ಯುದ್ಧನೌಕೆ. ಎರಡನೆಯ ಯುದ್ಧ ಮುಗಿದ ಮೇಲೆ ಅದನ್ನು ಬರಿದು ಮಾಡಿ, ಎಳೆದು ತಂದು, ಹೊಟ್ಟೆ ತುಂಬ ಕಲ್ಲು ಮರಳು ತುಂಬಿ, ಕಲ್ಲಿನ ಹಾಸಿನ ಮೇಲೆ ಮುಳುಗಿಸಿ ಕೂರಿಸಿದರು. ಆಮೇಲೆ ಅದರ ಮೈಮೇಲೆ ಕಾಂಕ್ರೀಟು ಸುರಿದರು. ದೇಶದಲ್ಲಿ ಸಿಮೆಂಟಿಗೆ ಬರ, ಹಳೆಯ ಹಡಗುಗಳು ಬೇಕಾದಷ್ಟು. ಅವತ್ತಿನಿಂದ ಅದು ಅಲ್ಲೇ ನಿಂತು ಪೆಸಿಫಿಕ್ ಸಾಗರದ ಹೊಡೆತ ತಿನ್ನುತ್ತಿದೆ. ಅದರ ಬೆನ್ನ ಹಿಂದೆ ಮೀನುದೋಣಿಗಳು ಮಲಗುತ್ತವೆ.

ಇಲಾಖೆಯ ಯೋಜನೆ ಹೀಗಿತ್ತು: ಮೊದಲ ವರ್ಷ ಹಡಗನ್ನು ಕಿತ್ತು ತೆಗೆಯುವುದು. ಅದು ಕೂತಿದ್ದ ಕಲ್ಲಿನ ಹಾಸನ್ನು ಕೊಂಚ ಎತ್ತರಿಸಿ ಬಿಡುವುದು. ಮರುವರ್ಷ ಅದೇ ಜಾಗಕ್ಕೆ ಕಾಂಕ್ರೀಟಿನ ದೊಡ್ಡ ಪೆಟ್ಟಿಗೆಗಳನ್ನು ಇಳಿಸುವುದು. ಮಧ್ಯೆ ಒಂದು ಚಂಡಮಾರುತದ ಋತು ಬಂದುಹೋಗುತ್ತದೆ. ಆ ಋತುವಿನಲ್ಲಿ ತಗ್ಗು ಕಲ್ಲಿನ ಹಾಸೇ ಸಾಕು ಅಂದರು ಸಲಹೆಗಾರರು. ಸಾಲದು ಅಂದಿತು ಸಂಘ: "ಹೊಸ ಗೋಡೆ ಬೇಕಾದರೆ ಹಡಗಿನ ಹೊರಬದಿಗೆ ಕಟ್ಟಿ. ಹಡಗನ್ನ ಮುಟ್ಟಬೇಡಿ." ನಮಗೆ ವಹಿಸಿದ್ದು ಎರಡೇ ಪರೀಕ್ಷೆ, ಇವತ್ತಿನ ಸ್ಥಿತಿಯದು ಮತ್ತು ಹೊಸ ಗೋಡೆ ಮುಗಿದ ಮೇಲಿನದು. ನಡುವಿನ ಆ ಒಂದು ಋತುವನ್ನು ಯಾರೂ ಕೇಳಿರಲಿಲ್ಲ.

ಅವತ್ತು ನಡೆಸಿದ್ದು ಮೊದಲನೆಯದು. ಇವತ್ತಿನ ಸ್ಥಿತಿಯನ್ನು ಮಾದರಿ ಸರಿಯಾಗಿ ತೋರಿಸಿದರೆ ಮಾತ್ರ ನಾಳಿನದರ ಬಗ್ಗೆ ಅದು ಹೇಳುವುದನ್ನು ನಂಬಬಹುದು. ನಮ್ಮ ಕಸುಬಿನ ಮೊದಲ ನಿಯಮ ಇದು. ಆಗ್ನೇಯದ ಬಿರುಗಾಳಿ ಬಂದಾಗ ಹಡಗಿನ ಬಾಲದ ಕಡೆಯಿಂದ ನೀರು ಒಳಗೆ ನುಗ್ಗುತ್ತದೆ, ಆ ಮೂಲೆಯಲ್ಲಿ ನಾವು ಯಾರೂ ದೋಣಿ ಕಟ್ಟುವುದಿಲ್ಲ ಎಂದು ಸಂಘದವರು ಮೊದಲೇ ಹೇಳಿದ್ದರು.

ಮೇಸ್ತ್ರಿ ಗುಂಡಿ ಒತ್ತಿದ. ಹಲಗೆಗಳು ಓಲಾಡಿದವು, ಅಲೆಗಳು ಸಾಲುಗಟ್ಟಿ ಬಂದು ಮರದ ಹಡಗಿಗೆ ಬಡಿದವು. ಬಂದರಿನೊಳಗೆ ನಾವು ತೇಲಬಿಟ್ಟಿದ್ದ ಪುಟ್ಟ ದೋಣಿಗಳು ಅಷ್ಟಿಷ್ಟು ತೂಗಿದವು. ಎಲ್ಲಕ್ಕಿಂತ ಶಾಂತವಾಗಿದ್ದ ಜಾಗ ಯಾವುದು ಅಂತೀರಿ? ಬಾಲದ ಕಡೆಯ ಮೂಲೆಯೇ.

"ನೋಡಿದಿರಾ?" ಅಂದರು ಸಲಹೆಗಾರರು.

"ಅದು ಸುಳ್ಳು," ಪರದೆಯೊಳಗಿಂದ ಅಧ್ಯಕ್ಷೆ ಇಂಗ್ಲಿಷಿನಲ್ಲಿ ಹೇಳಿದರು. ಅವರದು ಕತ್ತರಿಸಿದಂಥ ಮಾತು; ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಆಮೇಲೆ ಗಂಡನ ದೋಣಿ ನೋಡಿಕೊಳ್ಳಲು ಬಂದವರು.

"ಮೇಡಂ, ಇದು ಅಳತೆ. ಯಾರದೋ ಅಭಿಪ್ರಾಯ ಅಲ್ಲ."

"ಹಾಗಾದರೆ ನಿಮ್ಮ ಅಳತೆ ಸುಳ್ಳು."

ಸಲಹೆಗಾರರು ಪರದೆಯನ್ನು ಅರ್ಧ ಮುಚ್ಚಿ ನನ್ನ ಕಡೆ ತಿರುಗಿದರು. ಅವರ ವಾದ ಸರಳವಾಗಿತ್ತು. ಈ ಮೂಲೆಯ ವಿಷಯದಲ್ಲೇ ಇವರು ಇಷ್ಟು ದೊಡ್ಡದು ಮಾಡಿ ಹೇಳುತ್ತಾರೆ ಅಂದಮೇಲೆ ನಡುವಿನ ಋತುವಿನ ಭಯವೂ ಅಂಥದ್ದೇ. ಮಾದರಿ ಸರಿಯಿದೆ ಎಂದು ಬರೆದು ಮುಂದಕ್ಕೆ ಹೋಗಿ.

ನಾನು ಬರೆಯಲಿಲ್ಲ. ಒಂದು ಊರಿನ ಜನರೆಲ್ಲ ಸೇರಿ ಒಂದು ಮೂಲೆಯನ್ನು ತಲೆಮಾರುಗಟ್ಟಲೆ ಖಾಲಿ ಬಿಡುವುದು ಸುಳ್ಳು ಹೇಳುವುದಕ್ಕಲ್ಲ. ನಮ್ಮ ದಾದಾ, ಅಂದರೆ ಅಪ್ಪನ ಅಪ್ಪ, ತುಂಗಭದ್ರಾ ಅಣೆಕಟ್ಟಿನ ಗೇಟುಗಳ ಮೇಲೆ ಕೆಲಸ ಮಾಡಿದವರು. ಮನೆಯಲ್ಲಿ ದಖನಿ ಉರ್ದು ಆಡಿದರೂ ನೀರಿನ ಸುದ್ದಿ ಬಂದರೆ ಕನ್ನಡಕ್ಕೇ ಹೊರಳುತ್ತಿದ್ದರು. "ನೀರು ಎಲ್ಲಿಗೆ ಬರ್ತದ ಅಂತ ಇಂಜಿನಿಯರನ್ನ ಕೇಳಬ್ಯಾಡ, ಅಲ್ಲಿ ಯಾಕ ಯಾರೂ ಮನಿ ಕಟ್ಟಿಲ್ಲ ಅಂತ ಕೇಳು" ಅನ್ನುತ್ತಿದ್ದರು. ನಾನೇ ಇಂಜಿನಿಯರ್ ಆದಮೇಲೆ ಆ ಮಾತನ್ನು ನನ್ನೆದುರಿಗೆ ಆಡುವುದನ್ನು ಬಿಟ್ಟರು, ಅಷ್ಟೆ.

ಮಾದರಿಯಲ್ಲಿ ಎಲ್ಲೋ ತಪ್ಪಿದೆ ಎಂದು ಹಿಡಿದು ಹುಡುಕಲು ಕೂತೆವು. ಮೊದಲ ಅನುಮಾನ ಅಲೆಯ ಎತ್ತರ ಅಳೆಯುವ ತಂತಿಗಳ ಮೇಲೆ. ಒಂದೊಂದನ್ನೂ ಕಳಚಿ, ಒರೆಸಿ, ನಿಂತ ನೀರಿನಲ್ಲಿ ಎತ್ತಿ ಇಳಿಸಿ ನೋಡಿದೆವು. ಸರಿಯಿದ್ದವು. ಆಮೇಲೆ ಅಲೆ ಬರುವ ದಿಕ್ಕು. ಹಲಗೆಗಳನ್ನು ಕೊಂಚ ಕೊಂಚವೇ ಓರೆ ಮಾಡಿ ಮತ್ತೆ ಓಡಿಸಿದೆವು. ಮೂಲೆ ಹಾಗೇ ಶಾಂತ. ಆಮೇಲೆ ಹಡಗಿನ ಕೆಳಗಿನ ಕಲ್ಲಿನ ಹಾಸು. ನೇರಳೆ ಬಣ್ಣದ ನೀರನ್ನು ಪಿಚಕಾರಿಯಲ್ಲಿ ಹೊಡೆದು ಎಲ್ಲಿ ನುಸುಳುತ್ತದೆ ಎಂದು ನೋಡಿದೆವು. ಒಂದು ಕಡೆ ನುಸುಳಿತು. ತಪ್ಪು ಸಿಕ್ಕಿತೆಂದು ಹಿಗ್ಗಿದೆವು. ಕೊಳ ಬರಿದು ಮಾಡಿ, ಬಿರುಕು ಮುಚ್ಚಿ, ಮತ್ತೆ ತುಂಬಿ ಓಡಿಸಿದರೆ ಮೂಲೆ ಮೊದಲಿಗಿಂತ ಶಾಂತ!

"ಮೇಫ್ರಾವ್ ಇಂಜಿನಿಯರ್, ಇನ್ನೂ ಎರಡು ಸಲ ರಿಪೇರಿ ಮಾಡಿದ್ರೆ ಅಲ್ಲಿ ಬಾತುಕೋಳಿ ಸಾಕಬಹುದು," ಅಂದ ಮೇಸ್ತ್ರಿ. ಮೇಫ್ರಾವ್ ಅಂದರೆ ಅಮ್ಮಾವ್ರೇ ಎಂದ ಹಾಗೆ. ಅವನು ಹಾಗೆ ಕರೆದನೆಂದರೆ ತಮಾಷೆಗೆ ಇಳಿದಿದ್ದಾನೆ ಎಂದೇ ಅರ್ಥ.

ಒತ್ತಡ ಬೇರೆ. ನಮ್ಮ ಸರದಿ ಮುಗಿದೊಡನೆ ಕೊಳವನ್ನು ಇಲ್ಲಿಯದೇ ಒಂದು ಏರಿಯ ಪರೀಕ್ಷೆಗೆ ಬಿಟ್ಟುಕೊಡಬೇಕಿತ್ತು. ಏರಿಗೆ ಹೊದಿಸಲು ಮಣ್ಣಿನ ಸಮೇತ ಕೊಯ್ದ ಅವರ ಹುಲ್ಲುಹೆಪ್ಪುಗಳು ಆಗಲೇ ಲಾರಿಯಲ್ಲಿ ಬಂದು ಶೆಡ್ಡಿನ ಹೊರಗೆ ನಮ್ಮನ್ನು ಗುರಾಯಿಸುತ್ತ ಕೂತಿದ್ದವು.

ಒಂದು ಮಧ್ಯಾಹ್ನ, ಊಟಕ್ಕೆಂದು ಮೈಸೂರಿನವನು ಆಮ್ಸ್ಟೆಲ್‌ವೀನಿನ ಮನೆಯಿಂದ ತಂದ ಪುಳಿಯೋಗರೆ ಹಂಚಿಕೊಂಡು ಕೂತಿದ್ದಾಗ ಕೇಳಿದೆ: "ಅಲ್ಲಪ್ಪಾ, ಹಡಗಿನ ಆಕಾರ ನಿನಗೆ ಎಲ್ಲಿಂದ ಬಂತು?"

"ಸರ್ವೆ ಡೇಟಾ ಕೊಟ್ಟಿದ್ರಲ್ಲಕ್ಕ. ಮೇಲಿಂದ ಡ್ರೋನು, ನೀರೊಳಗೆ ಸೋನಾರು."

"ಪೂರ್ತಿ ಬಂದಿತ್ತೇನು?"

ಅವನು ಅಗಿಯುವುದನ್ನು ನಿಲ್ಲಿಸಿದ. "ಪೂರ್ತಿ ಅಂದ್ರೆ... ಬಾಲದ ಕಡೆ ಚಿಂದಿ ಆಗಿತ್ತು. ಅದ್ರ ಮೇಲೆಲ್ಲ ಬಂಡೆ, ಕಾಂಕ್ರೀಟ್ ಚೂರು ಬಿದ್ಕೊಂಡಿದೆ. ಹಂಗಿದ್ದಾಗ ಏನ್ಮಾಡ್ತೀವಿ? ಇಲಾಖೆಯವ್ರೇ ಕೊಟ್ಟ ಹಡಗಿನ ಹಳೇ ಡ್ರಾಯಿಂಗ್ ಇತ್ತು. ಅದನ್ನ ನೋಡಿ ಫಿಲ್ ಮಾಡ್ದೆ. ಎಲ್ರೂ ಹಂಗೇ ಮಾಡೋದು, ಅಕ್ಕ."

ನಿಜ, ಎಲ್ಲರೂ ಹಾಗೇ ಮಾಡುವುದು. ಕಂಪ್ಯೂಟರಿನ ಮುಂದೆ ಕೂತವರಿಗೆ ಹರಿದದ್ದನ್ನು ಕಂಡರೆ ಹೊಲಿಯದೆ ಇರಲಾಗುವುದಿಲ್ಲ. ಅಚ್ಚುಕಟ್ಟಾದ ಈ ದೇಶಕ್ಕೆ ಬಂದಮೇಲಂತೂ ಆ ಚಟ ಇನ್ನೂ ಜಾಸ್ತಿ.

"ಆ ಚಿಂದೀನ ತೋರಿಸು."

ತೋರಿಸಿದ. ಪರದೆಯ ಮೇಲೆ ಲಕ್ಷಗಟ್ಟಲೆ ಚುಕ್ಕಿಗಳು, ಜೇನುಹುಳು ಎದ್ದ ಹಾಗೆ. ಬಂಡೆಗಳೆಂದು ಕಂಡದ್ದನ್ನು ಒಂದೊಂದಾಗಿ ಅಳಿಸಲು ಹೇಳಿದೆ. ಅಳಿಸುತ್ತ ಹೋದಂತೆ ಕೆಳಗಿನಿಂದ ಒಂದು ಇಳಿಜಾರು ಎದ್ದಿತು. ಹಡಗಿನ ಮೇಲ್ಭಾಗ ಬಾಲದ ಕಡೆ ಸಮನಾಗಿ ಹೋಗದೆ, ಮಕ್ಕಳ ಜಾರುಬಂಡೆಯ ಹಾಗೆ ನೀರಿನ ಮಟ್ಟಕ್ಕೆ ಇಳಿದುಬಿಟ್ಟಿತ್ತು.

"ಅಯ್ಯೋ, ತುಕ್ಕು ಹಿಡ್ದು ಬಿದ್ದೋಗಿದೆ," ಅಂದ.

"ತುಕ್ಕು ಎಡಕ್ಕ ಬಲಕ್ಕ ಅಳತಿ ಹಿಡಿದು ತಿಂತದೇನಪ್ಪಾ? ಎರಡೂ ಕಡೆ ಅಂಚು ನೋಡು. ದಾರ ಹಿಡಿದು ಕೊಯ್ದಂಗದ."

ಇದು ಬರೀ ಆಕಾರದ ಪ್ರಶ್ನೆಯಾಗಿರಲಿಲ್ಲ. ಬಾಲ ತುಕ್ಕು ಹಿಡಿದು ಬಿದ್ದಿದ್ದರೆ ಸಲಹೆಗಾರರು ಹೇಳುವುದೇ ಸರಿ, ಉಳಿದದ್ದೂ ನಾಳೆ ಬೀಳುತ್ತದೆ, ಕೀಳುವುದೇ ಲೇಸು. ಯಾರೋ ಬೇಕೆಂದೇ ಕೊಯ್ದಿದ್ದರೆ ಹಡಗು ಗಟ್ಟಿಯಿದೆ, ಊರಿನವರ ಮಾತೂ ಗಟ್ಟಿಯಿದೆ. ಹಾಗಿದ್ದರೆ ಕೊಯ್ದವರು ಯಾರು, ಏತಕ್ಕೆ?

ಅದಕ್ಕೆ ಹಡಗಿನ ಬಾಳು ತಿಳಿಯಬೇಕಿತ್ತು. ಅಲ್ಲಿಯವರೆಗೆ ನಮಗೆ ಅದು ಒಂದು ಉದ್ದ, ಒಂದು ಅಗಲ, ಒಂದು ಎತ್ತರ. ಮುಂದಿನ ದಿನಗಳಲ್ಲಿ ಮೈಸೂರಿನವನು ಆ ಕಾಲದ ಜಪಾನಿ ಡಿಸ್ಟ್ರಾಯರುಗಳ ಫೋಟೋಗಳನ್ನು ಹುಡುಕಿ ಹುಡುಕಿ ಗುಡ್ಡೆ ಹಾಕಿದ. ತಾನು ಹೊಲಿದದ್ದನ್ನು ತಾನೇ ಬಿಚ್ಚುವ ಹಟ ಹಿಡಿದಿತ್ತು ಅವನಿಗೆ. ಸಿಕ್ಕಿದ್ದನ್ನೆಲ್ಲ ನಮ್ಮ ಹಡಗಿನ ಬಗ್ಗೆ ಗೊತ್ತಿದ್ದ ನಾಲ್ಕು ಸಂಗತಿಗಳ ಪಕ್ಕದಲ್ಲಿಟ್ಟು ನೋಡಿದಾಗ ಕಥೆ ಹೀಗೆ ಕೂಡಿಬಂತು.

ಕಟ್ಟಿದ ಹೊಸತರಲ್ಲಿ ಅದು ಕುದುರೆಯಂಥ ಹಡಗು. ಉದ್ದ, ತೆಳ್ಳಗೆ, ಎರಡು ಹೊಗೆಕೊಳವೆ. ಮೂತಿಯ ಮೇಲ್ಭಾಗ ಆಮೆಯ ಬೆನ್ನಿನ ಹಾಗೆ ದುಂಡಗೆ, ಮೇಲೇರಿದ ಅಲೆ ಜಾರಿಹೋಗಲಿ ಎಂದು. ಅದರ ಹಿಂದೆಯೇ ಒಂದು ತಗ್ಗು, ಆ ತಗ್ಗಿನಲ್ಲಿ ಟಾರ್ಪಿಡೊ ಕೊಳವೆಗಳು, ಅದರ ಹಿಂದೆ ಕಪ್ತಾನ ನಿಲ್ಲುವ ಅಟ್ಟ. ಎರಡು ಯುದ್ಧಗಳ ನಡುವಿನ ಆ ವರ್ಷಗಳಲ್ಲಿ ಇಂಥ ಹಡಗುಗಳು ಕವಾಯತು ಮಾಡಿದವು, ಚೀನಾದ ಕರಾವಳಿಯಲ್ಲಿ ಕಾವಲು ತಿರುಗಿ ಅಲ್ಲಿಯವರನ್ನು ಹೆದರಿಸಿದವು. ಮೂವತ್ತರ ದಶಕದಲ್ಲಿ ಬಿರುಗಾಳಿಗೆ ಸಿಕ್ಕಿದ ಕೆಲವು ಹೊಸ ಹಡಗುಗಳು ಮುರಿದೇ ಹೋದಾಗ ನೌಕಾಪಡೆಗೆ ಬುದ್ಧಿ ಬಂತು. ಹಳೆಯವುಗಳ ಮೈಯನ್ನೂ ಬಿಗಿ ಮಾಡಿಸಿತು. ನಮ್ಮ ಹಡಗಿನ ಪಕ್ಕೆಯ ತಗಡು ಇಷ್ಟು ವರ್ಷ ತಾಳಿದ್ದರಲ್ಲಿ ಆ ಹೆದರಿಕೆಯ ಪಾಲೂ ಇದ್ದೀತು.

ಆಮೇಲೆ ಅದಕ್ಕೆ ವಯಸ್ಸಾಯಿತು. ಹೊಸ ಹಡಗುಗಳ ಜೊತೆ ಓಡಲಾರದೆ ಹಿಂದೆ ಬಿತ್ತು. ಎರಡನೆಯ ಯುದ್ಧಕ್ಕೆ ಮುಂಚೆ ಇಂಥ ಮುದಿ ಡಿಸ್ಟ್ರಾಯರುಗಳಲ್ಲಿ ಕೆಲವನ್ನು ಬೇರೆ ಕೆಲಸಕ್ಕೆ ತಿರುಗಿಸಿದರು. ಬಾಯ್ಲರು ಕಡಿಮೆ ಮಾಡಿದರು, ಟಾರ್ಪಿಡೊಗಳನ್ನು ಇಳಿಸಿದರು. ಕೊನೆಗೆ ಬಾಲವನ್ನು ನೀರಿನ ಮಟ್ಟಕ್ಕೆ ಇಳಿಜಾರಾಗಿ ಕೊಯ್ದರು. ಆ ಇಳಿಜಾರಿನಿಂದ ಸೈನಿಕರು ತುಂಬಿದ ದೋಣಿಯನ್ನು ಸಮುದ್ರಕ್ಕೆ ಜಾರಿಸಿ, ಕಂಡವರ ದಡಕ್ಕೆ ಇಳಿಸಬಹುದು.

ಯುದ್ಧ ಸೋತ ಮೇಲೆ, ಉಳಿದ ಹಡಗುಗಳ ತೋಪು ಕಿತ್ತು, ಅಟ್ಟದ ಹಿಂದೆ ಮರದ ಗುಡಿಸಲು ಹಾಕಿ, ಹೊರದೇಶಗಳಲ್ಲಿ ಸಿಕ್ಕಿಬಿದ್ದಿದ್ದ ತಮ್ಮ ಜನರನ್ನು ಊರಿಗೆ ತರಲು ಓಡಿಸಿದರು.

ನಾನು ಅಧ್ಯಕ್ಷೆಗೆ ವಿಡಿಯೋ ಕರೆ ಮಾಡಿ ಇಳಿಜಾರಿನ ಚಿತ್ರ ತೋರಿಸಿದೆ. "ನಿಮ್ಮ ಹಡಗಿನ ಬಾಲ ಹೀಗಿದೆಯಾ?"

"ಹೌದು. ಇನ್ನು ಹೇಗಿರಬೇಕು?"

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ದು ನೀರು ಎಲ್ಲಿ ಬರುತ್ತದೆ ಅಂತ. ಹಡಗು ಹೇಗಿದೆ ಅಂತ ಕೇಳಲಿಲ್ಲ. ಹಡಗಿನ ಡ್ರಾಯಿಂಗ್ ನಿಮ್ಮ ಹತ್ತಿರ ಇದೆ ಅಂದಿರಿ." ಆಮೇಲೆ ದನಿ ಸ್ವಲ್ಪ ಇಳಿಯಿತು. "ನಮ್ಮಮ್ಮ ಊರಿಗೆ ಬಂದಿದ್ದು ಈ ಹಡಗಿನಲ್ಲೇ. ಇಲ್ಲಿ ಆಗ ದೊಡ್ಡ ಹಡಗು ನಿಲ್ಲುವ ಕಟ್ಟೆ ಇರಲಿಲ್ಲ. ಹೊರಗೆ ನಿಲ್ಲಿಸಿ, ಹಿಂದಿನ ಇಳಿಜಾರಿನಲ್ಲಿ ಹೆಂಗಸರು ಮಕ್ಕಳನ್ನೆಲ್ಲ ಕೂರಿಸಿ ದೋಣಿಗೆ ಜಾರಿಸಿದರಂತೆ. ಗಂಟು ಮೊದಲು, ಅಮ್ಮ ಆಮೇಲೆ. ಸಾಯೋವರೆಗೂ ನಗುತ್ತಿದ್ದರು."

ಸಲಹೆಗಾರರಿಗೆ ಬರೆದೆ: ಮಾದರಿಯ ಬಾಲವನ್ನು ಇಳಿಜಾರಾಗಿ ಕೊಯ್ದು ಮತ್ತೆ ಪರೀಕ್ಷೆ ಮಾಡಬೇಕು, ಒಪ್ಪಿಗೆ ಕೊಡಿ. ಅವರು ಒಪ್ಪಲಿಲ್ಲ. ಒಪ್ಪಂದದಲ್ಲಿ ಇಲಾಖೆ ಕೊಟ್ಟ ಡ್ರಾಯಿಂಗಿನ ಪ್ರಕಾರ ಎಂದಿದೆ. ಬಾಲ ತುಕ್ಕು ಹಿಡಿದು ಬಿದ್ದಿದ್ದರೆ ಅದು ಹಡಗನ್ನು ಕೀಳಲು ಇನ್ನೊಂದು ಕಾರಣ. ತಾವು ಅಧ್ಯಕ್ಷೆಯನ್ನೂ ಕರೆದುಕೊಂಡು ಬರುತ್ತಿದ್ದೇವೆ, ಅವರ ಕಣ್ಣೆದುರಿಗೇ, ಈಗಿರುವ ಮಾದರಿಯಲ್ಲೇ ಇವತ್ತಿನ ಸ್ಥಿತಿಯ ಕೊನೆಯ ಪರೀಕ್ಷೆ ನಡೆಸಿ ಮುಗಿಸಿ, ಎಂದು ಉತ್ತರ ಬಂತು. ನಮ್ಮ ವಿಭಾಗದ ಮುಖ್ಯಸ್ಥರ ಹತ್ತಿರ ಹೋದೆ. ಅವರು ಕಿಟಕಿಯಾಚೆಯ ಹುಲ್ಲುಹೆಪ್ಪುಗಳನ್ನು ನೋಡುತ್ತ, "ಪರೀಕ್ಷೆ ನಿನ್ನದು, ತೀರ್ಮಾನವೂ ನಿನ್ನದು," ಅಂದರು. ಡಚ್ಚರಲ್ಲಿ ಇದು ಬೆಂಬಲವೋ ಕೈತೊಳೆದುಕೊಳ್ಳುವುದೋ ಎಂದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಮೇಸ್ತ್ರಿಯಿಂದ ಬಂತು. ಬಾಲ ಏಕೆ ಕೊಯ್ದರು ಎಂದು ವಿವರಿಸಿದಾಗ ಅವನು ಕಾಫಿ ಲೋಟವನ್ನು ಮೆಲ್ಲಗೆ ದಂಡೆಯ ಮೇಲಿಟ್ಟ.

"ನನ್ನ ಓಮಾ ಹುಟ್ಟಿದ್ದು ಜಾವಾದಲ್ಲಿ." ಓಮಾ ಅಂದರೆ ಅಜ್ಜಿ. "ಇಂಥದೇ ಹಡಗಿನಿಂದ ಇಳಿದವರು ಅವಳನ್ನ, ಅವಳ ತಾಯಿಯನ್ನ ಮುಳ್ಳುತಂತಿ ಒಳಗೆ ಹಾಕಿದ್ದು. ತಾಯಿ ಹೊರಗೆ ಬರಲಿಲ್ಲ. ಓಮಾ ಸಾಯೋವರೆಗೂ ತಟ್ಟೇಲಿ ಒಂದು ಅಗುಳು ಬಿಡ್ತಿರಲಿಲ್ಲ, ನಮಗೂ ಬಿಡೋಕೆ ಬಿಡ್ತಿರಲಿಲ್ಲ."

ಅವನು ಕೊಳದೊಳಗಿನ ಮರದ ಹಡಗಿನ ಕಡೆ ಕೈ ತೋರಿಸಿದ.

"ಕಿತ್ತು ಬಿಸಾಕಲಿ. ಅದನ್ನ ಉಳಿಸೋಕೆ ನನ್ನ ಗರಗಸ ಯಾಕೆ?"

ಹೊಸಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ, ನನಗೆ ಕನ್ನಡ ಕಲಿಸಿದವರಲ್ಲಿ ಮೊದಲಿಗರು, ಹೊಳೆ ದಾಟಿದ ಮೇಲೆ ಅಂಬಿಗನನ್ನು ಜನ ಏನೆಂದು ಕರೆಯುತ್ತಾರೆ ಅನ್ನುವ ಗಾದೆಯನ್ನು ದಿನಕ್ಕೊಮ್ಮೆ ಹೇಳುತ್ತಿದ್ದರು. ಆ ಪದವನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಧ್ಯಕ್ಷೆಯ ತಾಯಿಗೆ ಈ ಹಡಗು ಅಂಬಿಗ. ಮೇಸ್ತ್ರಿಯ ಓಮಾಗೆ ಅದು ಮನೆ ಮುರಿದವನನ್ನು ಹೊತ್ತು ತಂದದ್ದು. ಯಾವ ಗಾದೆಯೂ ಎರಡನ್ನೂ ಹಿಡಿಸುವಷ್ಟು ದೊಡ್ಡದಿಲ್ಲ. "ಬೇಡ ಬಿಡಪ್ಪ, ನಾನೇ ಕೊಯ್ತೀನಿ," ಎಂದಷ್ಟೇ ಹೇಳಿದೆ.

ಅವನು ನನ್ನ ಕೈಗಳನ್ನು ನೋಡಿ ಮೂಗಿನಲ್ಲಿ ಸದ್ದು ಮಾಡಿ ಹೊರಟುಹೋದ.

ಕೊನೆಯ ಪರೀಕ್ಷೆಯ ದಿನ ಸಲಹೆಗಾರರೂ ಅಧ್ಯಕ್ಷೆಯೂ ಬಂದರು. ಅಧ್ಯಕ್ಷೆ ನಾನು ಅಂದುಕೊಂಡದ್ದಕ್ಕಿಂತ ಕುಳ್ಳು. ನೇರ ಕೊಳದ ಹತ್ತಿರ ಹೋಗಿ, ಮೊಣಕಾಲೂರಿ, ಮರದ ಹಡಗನ್ನು ಬಾಲದಿಂದ ಮೂತಿಯವರೆಗೆ ನೋಡಿದರು. "ಇದು ನಮ್ಮ ಹಡಗಿನ ಮದುವೆ ಫೋಟೋ," ಅಂದರು. "ಆಮೇಲಿನ ಸಂಸಾರ ಇದರಲ್ಲಿಲ್ಲ."

ಮೈಸೂರಿನವನು ನಕ್ಕುಬಿಟ್ಟ. ಸಲಹೆಗಾರರು ನಗಲಿಲ್ಲ.

ನಾನು ಹೇಳಿದೆ: "ಸರ್, ಈ ಮಾದರಿಯಲ್ಲಿ ನಾನು ಪರೀಕ್ಷೆ ಮಾಡೋದಿಲ್ಲ. ಇದು ಬಂದರಿನಲ್ಲಿ ಇಲ್ಲದ ಹಡಗು. ಇವತ್ತು ಬಾಲ ಕೊಯ್ದು ಓಡಿಸ್ತೀವಿ."

"ನನ್ನ ಒಪ್ಪಿಗೆ ಇಲ್ಲದೆ?"

"ನೀವು ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ನಿಂತು ನೋಡಿ."

"ಇದನ್ನು ಇಲಾಖೆಗೆ ತಿಳಿಸ್ತೀನಿ. ಮುಂದಿನ ಕೆಲಸ ನಿಮಗೆ ಸಿಗಲ್ಲ, ಅದು ಗೊತ್ತಿರಲಿ."

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ಮೊಣಕಾಲ ಮೇಲಿನ ರಬ್ಬರ್ ಬೂಟು ಹಾಕಿಕೊಂಡೆ. ಗರಗಸ ಎಲ್ಲಿದೆ ಎಂದು ತಿರುಗಿದರೆ ಅದು ಮೇಸ್ತ್ರಿಯ ಕೈಯಲ್ಲಿತ್ತು. ಕೊಡುತ್ತಾನೋ ಮುಚ್ಚಿಡುತ್ತಾನೋ ತಿಳಿಯಲಿಲ್ಲ. ಅವನು ಅಧ್ಯಕ್ಷೆಯ ಎದುರು ಹೋಗಿ ನಿಂತು, ತನ್ನ ಹರಕು ಇಂಗ್ಲಿಷಿನಲ್ಲಿ ಓಮಾಳ ಕಥೆಯನ್ನು ನಮಗೆ ಹೇಳಿದಷ್ಟೇ ಚುಟುಕಾಗಿ ಹೇಳಿದ.

ಅಧ್ಯಕ್ಷೆ ತಲೆ ಬಾಗಿಸಿದರು. ಆಮೇಲೆ ಹೇಳಿದರು: "ನಾನು ಅದಕ್ಕೆ ಹೂವು ಇಡೋದಿಲ್ಲ. ಊರಲ್ಲಿ ಕೆಲವರು ಇಡ್ತಾರೆ, ನಾನು ಇಡಲ್ಲ. ಒಳ್ಳೆ ಹಡಗು ಅಂತ ಎಂದೂ ಹೇಳಿಲ್ಲ. ಕಿತ್ತು ಒಯ್ದರೆ ಕರಗಿಸಿ ಹೊಸ ಕಬ್ಬಿಣ ಮಾಡ್ತಾರೆ, ಎಲ್ಲ ಮರೆತುಹೋಗುತ್ತೆ. ಅದಕ್ಕೆ ಬಿಡುಗಡೆ ಕೊಡಬೇಡಿ. ಅಲ್ಲೇ ನಿಲ್ಲಲಿ. ಅಲೆ ಹೊಡೀಲಿ, ತಿನ್ನಲಿ. ಅದರ ಹಿಂದೆ ನಮ್ಮ ಮಕ್ಕಳು ಮೀನು ಹಿಡಿಯಲಿ."

ಮೇಸ್ತ್ರಿ ಆ ಮಾತನ್ನು ಅಗಿಯುತ್ತ ನಿಂತ. "ತಿನ್ನಲಿ," ಅಂದ ಕೊನೆಗೆ. "ಅದು ಸರಿ. ನಿಂತು ತಿನ್ನಲಿ." ಕೊಳಕ್ಕೆ ಇಳಿದ. ನನ್ನ ಕಡೆ ತಿರುಗಿ, "ಮೇಫ್ರಾವ್ ಇಂಜಿನಿಯರ್, ದಂಡೆ ಮೇಲೇ ಇರಿ. ನೀವು ಕೊಯ್ದರೆ ಹಡಗಿನ ಜೊತೆ ಬೆರಳೂ ಹೋಗುತ್ತೆ," ಅಂದ.

ಗೆರೆ ಎಳೆಯಲು ಹೋದರೆ ಗೆರೆ ಆಗಲೇ ಇತ್ತು. ಎರಡೂ ಪಕ್ಕೆಯ ಮೇಲೆ, ಮೈಸೂರಿನವನು ತೆಗೆದ ಚುಕ್ಕಿಗಳ ಪ್ರಕಾರವೇ, ಪೆನ್ಸಿಲಿನಲ್ಲಿ. ಮೇಸ್ತ್ರಿ ಯಾವಾಗ ಎಳೆದನೋ, ನಾನು ಕೇಳಲಿಲ್ಲ. ನೀರು ಇಳಿಸಿ, ಕೊಯ್ದು, ಇಳಿಜಾರಿನ ಮೇಲೆ ಅಲ್ಲಿ ಬಿದ್ದಿರುವಂತೆಯೇ ಸಣ್ಣ ಕಲ್ಲುಗಳನ್ನು ಜೋಡಿಸಿ, ಅಂಟಿನ ಅಂಚು ಒಣಗಲು ಬಿಟ್ಟು, ಮತ್ತೆ ನೀರು ತುಂಬುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಸಲಹೆಗಾರರು ಹೋಗಲಿಲ್ಲ. ಕುರ್ಚಿ ತರಿಸಿಕೊಂಡು ಕೂತರು. ಮೆಚ್ಚಬೇಕಾದದ್ದನ್ನು ಮೆಚ್ಚಬೇಕು.

ಮೇಸ್ತ್ರಿ ಗುಂಡಿ ಒತ್ತಿದ. ಮೊದಲ ಅಲೆಗಳು ಬಂದು ಹಡಗಿನ ಪಕ್ಕೆಗೆ ಬಡಿದು ಹಿಂದಿರುಗಿದವು. ಆಮೇಲೆ ಒಂದು ದೊಡ್ಡದು ಬಂತು. ಪಕ್ಕೆಯಲ್ಲಿ ನಿಂತಿತು, ಬಾಲದಲ್ಲಿ ನಿಲ್ಲಲಿಲ್ಲ. ಇಳಿಜಾರನ್ನು ಏರಿ, ಕಲ್ಲುಗಳ ನಡುವೆ ನುಗ್ಗಿ, ಸೀದಾ ಆ ಮೂಲೆಗೆ ಸುರಿಯಿತು. ಅದರ ಹಿಂದೆ ಇನ್ನೊಂದು. ಆ ಮೂಲೆಯಲ್ಲಿ ನಾವು ಕಟ್ಟಿದ್ದ ಎರಡು ಪುಟ್ಟ ದೋಣಿಗಳ ದಾರ ಕಿತ್ತುಬಂದು ಒಂದರ ಮೇಲೊಂದು ಬಿದ್ದವು. ಉಳಿದ ದೋಣಿಗಳು ಅಷ್ಟಿಷ್ಟು ತೂಗುತ್ತ ಹಾಗೇ ಇದ್ದವು.

ಅಧ್ಯಕ್ಷೆ ಆ ಮೂಲೆಯತ್ತ ಬೆರಳು ತೋರಿಸಿದರು, ಅಷ್ಟೆ.

"ಇನ್ನೊಂದು ಉಳೀತು," ಅಂದೆ. "ಹಡಗು ತೆಗೆದು, ತಗ್ಗು ಕಲ್ಲಿನ ಹಾಸು ಮಾತ್ರ ಬಿಟ್ಟು."

"ಅದು ಒಪ್ಪಂದದಲ್ಲಿಲ್ಲ," ಸಲಹೆಗಾರರು ಎದ್ದು ನಿಂತರು.

"ಚಂಡಮಾರುತವೂ ನಿಮ್ಮ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಸರ್. ಒಂದು ತುದಿ ತಗ್ಗಿದ್ದಕ್ಕೆ ಒಂದು ಮೂಲೆ ಹಾಳಾಯಿತು. ಉದ್ದಕ್ಕೂ ತಗ್ಗಿಸಿದರೆ ಏನಾಗುತ್ತೆ ಅಂತ ನನಗೆ ನೋಡಬೇಕು. ನಿಮಗೂ ನೋಡಬೇಕು ಅನ್ನಿಸಬೇಕಿತ್ತು."

ಮರದ ಹಡಗನ್ನು ಮೇಸ್ತ್ರಿ, ಮೈಸೂರಿನವನು ಇಬ್ಬರೂ ಸೇರಿ ಎತ್ತಿ ದಂಡೆಗಿಟ್ಟರು. ಹಾಸನ್ನು ಯೋಜನೆಯಲ್ಲಿ ಹೇಳಿದಷ್ಟೇ ಎತ್ತರಿಸಿದೆವು, ಒಂದು ಕಲ್ಲೂ ಕಡಿಮೆ ಮಾಡದೆ. ಕಡಿಮೆ ಮಾಡಿದೆವು ಅನ್ನಿಸಬಾರದೆಂದು ಸಲಹೆಗಾರರ ಕೈಗೇ ಅಳತೆ ಕೋಲು ಕೊಟ್ಟೆ. ಬೂಟು ಒದ್ದೆ ಮಾಡಿಕೊಂಡು ಅಳೆದರು. ಅದೇ ಬಿರುಗಾಳಿ. ಪೂರ್ತಿ ಓಡಿಸುವ ಅಗತ್ಯ ಬೀಳಲಿಲ್ಲ. ಅರ್ಧಕ್ಕೂ ಮುಂಚೆ ಬಂದರಿನೊಳಗೆ ನೆಟ್ಟಗೆ ನಿಂತ ದೋಣಿ ಒಂದೂ ಇರಲಿಲ್ಲ. ಒಂದು ದೋಣಿ ದಂಡೆ ಹಾರಿ ಅಧ್ಯಕ್ಷೆಯ ಕಾಲಬುಡಕ್ಕೆ ಬಂದು ಬಿತ್ತು. ಅವರು ಅದನ್ನು ಎತ್ತಿ, ನೀರು ಒದರಿ, ಸಲಹೆಗಾರರ ಕುರ್ಚಿಯ ಮೇಲಿಟ್ಟರು.

ಹೊಸ ಗೋಡೆಯ ಪರೀಕ್ಷೆಯನ್ನೂ ಮುಗಿಸಿ ವರದಿ ಬರೆಯುವಾಗ ಜಗಳ ಇನ್ನೊಂದು ಸುತ್ತು ನಡೆಯಿತು. ನಡುವಿನ ಋತುವಿನ ಪರೀಕ್ಷೆಯನ್ನು ತೆಗೆದುಹಾಕಿ ಎಂದು ಸಲಹೆಗಾರರಿಂದ ಸಂದೇಶದ ಮೇಲೆ ಸಂದೇಶ. ತೆಗೆಯುವುದಾದರೆ ಇಡೀ ವರದಿಯಿಂದ ನನ್ನ ಹೆಸರನ್ನೂ ತೆಗೆಯಿರಿ, ಯಾಕೆ ತೆಗೆದಿರಿ ಎಂದು ಕೇಳಿದವರಿಗೆಲ್ಲ ನಾನೇ ಹೇಳುತ್ತೇನೆ, ಎಂದು ಉತ್ತರ ಕೊಟ್ಟೆ. ಮುಖ್ಯಸ್ಥರು ನನ್ನನ್ನು ಕರೆಸಿ, "ನೀರು ಬಂದರಿನೊಳಗೆ ಬಿತ್ತೋ ಇಲ್ಲವೋ?" ಎಂದು ಕೇಳಿದರು. ಬಿತ್ತು ಅಂದೆ. "ಹಾಗಾದರೆ ಬಿತ್ತು ಅಂತಲೇ ಹೋಗಲಿ," ಅಂದು ತಮ್ಮ ಹೆಸರನ್ನೂ ನನ್ನ ಹೆಸರಿನ ಕೆಳಗೆ ಸೇರಿಸಿದರು. ಅಂದರೆ ಅವತ್ತಿನದು ಬೆಂಬಲವೇ ಇರಬೇಕು.

ಸಲಹೆಗಾರರು ಹೇಳಿದ ಮಾತಿನಲ್ಲಿ ಒಂದು ನಿಜವಾಯಿತು: ಎರಡನೆಯ ಹಂತದ ಕೆಲಸ ನಮಗೆ ಸಿಗಲಿಲ್ಲ, ಬೇರೆ ದೇಶದ ಪ್ರಯೋಗಾಲಯಕ್ಕೆ ಹೋಯಿತು. ಅವರು ಬಾಲ ಕೊಯ್ದ ಹಡಗಿನಿಂದಲೇ ಶುರು ಮಾಡಿದರೆಂದು ಕೇಳಿದೆ. ನಾನು ಹುಲ್ಲುಹೆಪ್ಪಿನ ಏರಿಯ ಮೇಲೆ ನೀರು ಹರಿಸುವ ಕೆಲಸಕ್ಕೆ ಹೋದೆ. ಅದೂ ಬೇಕಾದ ಕೆಲಸವೇ. ನಾನಿರುವ ರಾಟರ್‌ಡ್ಯಾಮಿನ ಬೀದಿ ಸಮುದ್ರಕ್ಕಿಂತ ಕೆಳಗಿದೆ.

ಇಲಾಖೆ ಯೋಜನೆ ಬದಲಿಸಿತು. ಕಾಂಕ್ರೀಟ್ ಪೆಟ್ಟಿಗೆಗಳು ಹಡಗಿನ ಹೊರಬದಿಗೆ ಒಂದೊಂದಾಗಿ ಇಳಿಯತೊಡಗಿದವು. ಹೊಸ ಗೋಡೆ ಅರ್ಧ ಎದ್ದು ನಿಂತಿದ್ದಾಗ ಆಗ್ನೇಯದಿಂದ ಒಂದು ಚಂಡಮಾರುತ ಬಂತು. ಗೋಡೆ ಇಲ್ಲದ ಅರ್ಧದಲ್ಲಿ ಹಡಗು ಒಂದೇ ನಿಂತಿತ್ತು. ಬೆಳಗಾದ ಮೇಲೆ ಸಂಘದವರು ಕಟ್ಟೆಗೆ ಹೋಗಿ ದೋಣಿಗಳ ಹಗ್ಗ ನೋಡಿ ಬಂದರು. ಎಲ್ಲ ಸರಿಯಿದ್ದವು. ಅಲೆ ತಗ್ಗಲು ಇನ್ನೊಂದು ದಿನ ಹಿಡಿಯಿತು. ಅದರ ಮಾರನೆಯ ದಿನ ದೋಣಿಗಳು ಮೀನಿಗೆ ಹೋದವು.